ನುಗ್ಗೆ ಮರಕ್ಕೆ ಹೊಡೆದ ಔಷಧಿ ಯಾರ ಹುಳಕ್ಕೆ ಬಿತ್ತು?

ಮುಂಗಾರು ನಾಲ್ಕು ಹನಿ ಹಾಕಿದ್ದೇ ತಡ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಿತ್ತಲುಗಳಲ್ಲಿ ಒಂದು ಕೂಗು ಏಳುತ್ತದೆ. ‘ಅಯ್ಯೋ, ನುಗ್ಗೆ ಮರ ನೋಡ್ರೀ!’

ಮೊನ್ನೆವರೆಗೆ ಬೂದು ಬಣ್ಣಕ್ಕಿದ್ದ ಕಾಂಡ ಇವತ್ತು ಕಂಬಳಿ ಹೊದ್ದು ನಿಂತಿರುತ್ತದೆ. ಹತ್ತಿರ ಹೋದರೆ ಕಂಬಳಿಗೆ ಜೀವ ಇದೆ, ಮೆಲ್ಲಗೆ ಮಿಸುಕುತ್ತಿದೆ. ಮೈತುಂಬ ಕೂದಲು ತುಂಬಿದ ಕಂದು ಬಣ್ಣದ ಹುಳಗಳು, ಒಂದರ ಮೇಲೊಂದು ಬಿದ್ದು ಮಲಗಿವೆ. ಮೇಲೆ ನೋಡಿದರೆ ಕೊಂಬೆಯಲ್ಲಿ ಸೊಪ್ಪೇ ಇಲ್ಲ. ಬರೀ ಕಡ್ಡಿ.

ಆಮೇಲೆ ಶುರು ಸಲಹೆಗಳ ಸುರಿಮಳೆ. ಮನೆಯ ಹಿರಿಯರು ಬೆಂಕಿ ಇಡಿ ಅಂತಾರೆ. ಪಕ್ಕದ ಮನೆಯವರು ‘ಮೊದಲು ಮರ ಕಡಿಸಿ, ನಮ್ಮ ಗೋಡೆಗೂ ಬರ್ತಿದೆ’ ಅಂತಾರೆ. ಬೀದಿ ಕೊನೆಯ ಅಂಗಡಿಯಲ್ಲಿ ನಿಂತವರು ‘ಅಷ್ಟಕ್ಕೆಲ್ಲ ಯಾಕೆ ಸಾರ್, ಒಂದು ಪಂಪ್ ಔಷಧಿ ಹೊಡೀರಿ, ಎರಡು ನಿಮಿಷದ ಕೆಲಸ’ ಅಂತಾರೆ. ಸಾಮಾನ್ಯವಾಗಿ ಗೆಲ್ಲುವುದು ಈ ಮೂರನೆಯ ಮಾತು. ಬಾಡಿಗೆ ಪಂಪು ಬರುತ್ತದೆ, ಔಷಧಿ ಹಾರುತ್ತದೆ, ಸಂಜೆಗೆ ಹುಳಗಳು ಪಟಪಟನೆ ನೆಲಕ್ಕೆ ಉದುರುತ್ತವೆ. ಪೊರಕೆಯಲ್ಲಿ ಗುಡಿಸಿದರೆ ಕತೆ ಮುಗೀತು.

ಕತೆ ಮುಗಿಯಲಿಲ್ಲ. ಇದು ರೇಷ್ಮೆ ಸೀಮೆ. ಕಾಂಪೌಂಡಿನ ಆಚೆ ಹಿಪ್ಪುನೇರಳೆ ತೋಟ.

ಗಾಳಿಗೆ ಕಾಂಪೌಂಡ್ ಇಲ್ಲ

ನುಗ್ಗೆ ಮರ ಗಿಡ್ಡ ಮರವಲ್ಲ. ಅದರ ತುದಿಗೆ ತಾಗುವಂತೆ ಪಂಪು ಮೇಲಕ್ಕೆ ಎತ್ತಿ ಹೊಡೆದರೆ, ಔಷಧಿಯ ಹನಿ ಎಲೆಗೆ ಬೀಳುವಷ್ಟೇ ಗಾಳಿಗೂ ಹೋಗುತ್ತದೆ. ಮಳೆಗಾಲದ ಗಾಳಿ ಅದನ್ನು ಎತ್ತಿಕೊಂಡು ಹೋಗಿ ಆಚೆಯ ಸೊಪ್ಪಿನ ಮೇಲೆ ಇಳಿಸುತ್ತದೆ. ಬೆಳಗ್ಗೆ ಆ ರೈತ, ಪಾಪ, ಏನೂ ಗೊತ್ತಿಲ್ಲದೆ ಸೊಪ್ಪು ಕೊಯ್ದು ಹುಳದ ಮನೆಗೆ ಒಯ್ಯುತ್ತಾನೆ.

ಆಮೇಲೆ ಆಗುವುದನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹುಳ ತಲೆ ಎತ್ತುತ್ತದೆ, ಮೈ ತಿರುಚುತ್ತದೆ, ಹಸಿರು ರಸ ಕಕ್ಕುತ್ತದೆ, ಕುಗ್ಗಿ ಸಾಯುತ್ತದೆ. ನೂರು ಮೊಟ್ಟೆ ಮೇಯಿಸಿದ ಮನೆ ಎಂದರೆ ಸುಮಾರು ನಲವತ್ತು ಸಾವಿರ ಹುಳ. ಚೆನ್ನಾಗಿ ಬಂದರೆ ಅರವತ್ತು ಎಪ್ಪತ್ತು ಕಿಲೋ ಗೂಡು. ಇಪ್ಪತ್ತೈದು ದಿನ ಮನೆಮಂದಿಯೆಲ್ಲ ರಾತ್ರಿ ಎದ್ದು ಸೊಪ್ಪು ಹಾಕಿದ ಕೆಲಸ. ಅದು ಎರಡು ನಿಮಿಷದ ಪಂಪಿಗೆ ಹೋಗುತ್ತದೆ.

ವಿಚಿತ್ರ ಎಂದರೆ ದೂರು ಹೋಗುವುದು ಬೇರೆ ಕಡೆಗೆ. ರೈತ ಚಾಕಿ ಕೊಟ್ಟವರನ್ನು ಬೈಯುತ್ತಾನೆ. ಮೊಟ್ಟೆ ಸರಿ ಇರಲಿಲ್ಲ ಅಂತಾನೆ. ಮನೆಯವಳು ಯಾರದ್ದೋ ದೃಷ್ಟಿ ಬಿತ್ತು ಅಂತ ಮೆಣಸಿನಕಾಯಿ ನೀವಾಳಿಸುತ್ತಾಳೆ. ಪಂಪು ಹೊಡೆಸಿದವರು ಮಾರನೆಯ ದಿನ ಅದೇ ರೈತನನ್ನು ಬಸ್ಸಿನಲ್ಲಿ ಕಂಡು, ‘ಏನಯ್ಯ, ಮುಖ ಸಪ್ಪಗಿದೆ?’ ಎಂದು ಕೇಳುತ್ತಾರೆ. ಕೇಳುವವರಿಗೂ ಗೊತ್ತಿಲ್ಲ, ಹೇಳುವವನಿಗೂ ಗೊತ್ತಿಲ್ಲ.

ಇಬ್ಬರೂ ದಾಯಾದಿಗಳೇ

ನುಗ್ಗೆಯ ಕಂಬಳಿಹುಳ ಬೇರೆ, ರೇಷ್ಮೆ ಹುಳ ಬೇರೆ, ನಿಜ. ಆದರೆ ಕೀಟಶಾಸ್ತ್ರದವರ ವಂಶಾವಳಿ ತೆಗೆದು ನೋಡಿದರೆ ಎರಡೂ ಒಂದೇ ದೊಡ್ಡ ಮನೆತನದ ಕವಲುಗಳು. ಒಂದನ್ನು ನಾವು ಚಂದ್ರಿಕೆ ಮೇಲೆ ಕೂರಿಸಿ ಪೂಜೆ ಮಾಡುತ್ತೇವೆ, ಇನ್ನೊಂದನ್ನು ಪೊರಕೆಯಲ್ಲಿ ಗುಡಿಸುತ್ತೇವೆ. ಈ ಭೇದ ಮನುಷ್ಯನಿಗೆ ಗೊತ್ತು, ವಿಷಕ್ಕೆ ಗೊತ್ತಿಲ್ಲ.

ಹಾಗೆ ನೋಡಿದರೆ ಕಂಬಳಿಹುಳದ ಗುಟ್ಟು ಈ ಸೀಮೆಯವರಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿಯಬೇಕಿಲ್ಲ. ರೇಷ್ಮೆ ಹುಳ ನಾಲ್ಕು ಜ್ವರ ದಾಟಿ ಹಣ್ಣಾಗುತ್ತದೆ. ಮೊಟ್ಟೆಯಿಂದ ಹೊರಟು ಹಣ್ಣಾಗುವ ಹೊತ್ತಿಗೆ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು. ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲೆ. ಕೊನೆಯ ವಾರ ಸೊಪ್ಪು ಸಾಕಾಗದೆ ಊರೂರು ಅಲೆಯುವುದು ಇದಕ್ಕೇ ಅಲ್ಲವೇ?

ಮರದ ಎಲೆ ತಿನ್ನುವ ಹುಳಗಳ ಲೆಕ್ಕವೂ ಹೀಗೇ. ಚಿಕ್ಕದಿದ್ದಾಗ ಎಲೆಯನ್ನು ಕೆರೆದು ತಿನ್ನುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ದೊಡ್ಡದಾದ ಮೇಲೆ ನಾಲ್ಕೇ ದಿನದಲ್ಲಿ ಮರ ಬೋಳು. ನಾವು ಎಚ್ಚರವಾಗುವುದು ಆಗ. ಹೊಟ್ಟೆ ತುಂಬಿದ ಮೇಲೆ ಹುಳ ಮಣ್ಣಿಗಿಳಿದು ಕೋಶ ಕಟ್ಟುವುದು ಹೇಗಿದ್ದರೂ ಇದ್ದೇ ಇದೆ. ಎಂದರೆ ಬಹುಪಾಲು ಜನ ಪಂಪು ಹಿಡಿಯುವುದು ಹುಳ ಊಟ ಮುಗಿಸಿ ಕೈತೊಳೆಯುವ ಹೊತ್ತಿಗೆ! ಸೊಪ್ಪೂ ಹೋಯಿತು, ಔಷಧಿ ದುಡ್ಡೂ ಹೋಯಿತು.

ಅದು ಔಷಧಿಯಲ್ಲ ಸ್ವಾಮಿ

ನಮ್ಮ ಭಾಷೆಯಲ್ಲೇ ಒಂದು ಎಡವಟ್ಟಿದೆ. ಕೆಮ್ಮಿಗೂ ಔಷಧಿ, ಹುಳಕ್ಕೂ ಔಷಧಿ. ಹೆಸರು ಕೇಳಿದರೆ ಒಳ್ಳೆಯದೇ ಅನಿಸುತ್ತದೆ. ಆದರೆ ಅದು ವಿಷ.

ಅಜ್ಜನ ಕಾಲದಲ್ಲಿ ಡಿ.ಡಿ.ಟಿ. ಪುಡಿ ಎರಚುತ್ತಿದ್ದರು. ಏನೂ ಆಗಲ್ಲ ಅಂತಿದ್ದರು. ಬೆಳೆಗಳಿಗೆ ಅದನ್ನು ಬಳಸಬಾರದೆಂದು 1989ರಲ್ಲಿ ಸರ್ಕಾರ ನಿಲ್ಲಿಸಿತು. ಅಪ್ಪನ ಕಾಲಕ್ಕೆ ಬಿ.ಎಚ್.ಸಿ. ಪುಡಿ ಬಂತು. ಅದಕ್ಕೂ 1997ರಲ್ಲಿ ಬಾಗಿಲು ಬಿತ್ತು. ಆಮೇಲೆ ಎಂಡೋಸಲ್ಫಾನ್. ಕಾಸರಗೋಡಿನ ಗೇರು ತೋಟಗಳ ಸುತ್ತಲಿನ ಮಕ್ಕಳ ಸ್ಥಿತಿ ದೇಶವೆಲ್ಲ ನೋಡಿದ ಮೇಲೆ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು.

ನುಗ್ಗೆಯ ಕಂಬಳಿಹುಳಕ್ಕೆ ಬಹಳ ವರ್ಷ ಪುಸ್ತಕಗಳಲ್ಲೇ ಬರೆದಿದ್ದ ಮದ್ದು ಕಾರ್ಬರಿಲ್. ಸೆವಿನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆ ತಯಾರಿಸುತ್ತಿದ್ದುದು ಇದನ್ನೇ. 1984ರ ಡಿಸೆಂಬರ್ ರಾತ್ರಿ ಸೋರಿ ಸಾವಿರಾರು ಜನರನ್ನು ಮಲಗಿದಲ್ಲೇ ಕೊಂದ ಅನಿಲ, ಈ ಪುಡಿ ಮಾಡುವುದಕ್ಕೆಂದು ತುಂಬಿಟ್ಟಿದ್ದದ್ದು. ಆ ಪುಡಿಯನ್ನು ಭಾರತ ಸರ್ಕಾರ 2018ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಅದೇ ಆದೇಶದಲ್ಲಿ ಹೆಸರಿದ್ದ ಡೈಕ್ಲೋರೋವಾಸ್ 2020ರ ಕೊನೆಗೆ ನಿಂತಿತು. ರೇಷ್ಮೆಯವರು ನುವಾನ್ ಎಂದು ಕರೆಯುತ್ತಿದ್ದದ್ದು ಇದನ್ನೇ.

ಎಂದರೆ ‘ಇದು ಏನೂ ಆಗಲ್ಲ ಸಾರ್’ ಎಂಬ ಮಾತಿಗೆ ಎಷ್ಟು ಆಯುಷ್ಯ ಎಂಬುದು ಗೊತ್ತಾಯಿತಲ್ಲ. ಹಳೆಯ ಡಬ್ಬಿ ಇನ್ನೂ ಅಟ್ಟದ ಮೇಲಿದ್ದರೆ ಅದನ್ನು ಮುಟ್ಟದಿರುವುದು ಲೇಸು.

ಅಂಗಡಿಯವರಿಗೂ ಒಂದು ಮಾತು. ಕೀಟನಾಶಕ ಮಾರಲು 1968ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ದೊಡ್ಡ ಡಬ್ಬಿಯಿಂದ ಹತ್ತು ರೂಪಾಯಿಗೆ ಇಷ್ಟು ಅಂತ ತಂಪು ಪಾನೀಯದ ಬಾಟಲಿಗೆ ಸುರಿದು ಕೊಡುವ ಹಾಗಿಲ್ಲ. ಈ ಕಾಯ್ದೆ ಸುಮ್ಮನೆ ಬಂದದ್ದಲ್ಲ. 1958ರಲ್ಲಿ ಕೇರಳ, ಮದ್ರಾಸ್ ಕಡೆ ಪ್ಯಾರಾಥಿಯಾನ್ ವಿಷ ಆಹಾರ ಪದಾರ್ಥಕ್ಕೆ ತಗುಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಬಂದದ್ದು. ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪಿದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಇದ್ದರೂ ರೇಷ್ಮೆ ಹುಳಕ್ಕೆ ಕ್ಷೇಮ ಎಂದು ಅರ್ಥವಲ್ಲ. ಆ ಬಣ್ಣ ಹಚ್ಚಿರುವುದು ಮನುಷ್ಯನ ಲೆಕ್ಕದಲ್ಲಿ.

ಜಪಾನಿನಲ್ಲಿ ಸತ್ತ ರೇಷ್ಮೆ ಹುಳ

‘ಹಾಗಾದರೆ ಸಾವಯವ ಔಷಧಿ ಹೊಡೆದರಾಯ್ತು’ ಎನ್ನುವ ಓದಿದ ಜನ ಇದ್ದಾರೆ. ಬಿ.ಟಿ. ಎಂಬ ಪುಡಿ ಸಿಗುತ್ತದೆ. ಅದೊಂದು ಬ್ಯಾಕ್ಟೀರಿಯಾ. ಎಲೆಯ ಜೊತೆ ಹುಳದ ಹೊಟ್ಟೆಗೆ ಹೋಗಿ ಕರುಳನ್ನು ತೂತು ಮಾಡುತ್ತದೆ. ಹುಳ ಕೆಲವೇ ಗಂಟೆಯಲ್ಲಿ ತಿನ್ನುವುದು ಬಿಡುತ್ತದೆ, ಎರಡು ಮೂರು ದಿನದಲ್ಲಿ ಸಾಯುತ್ತದೆ. ಮನುಷ್ಯರಿಗೆ, ಹಕ್ಕಿಗೆ, ಜೇನಿಗೆ ತೊಂದರೆಯಿಲ್ಲ. ಬೇರೆ ಜಿಲ್ಲೆಗಳಲ್ಲಿ ಒಳ್ಳೆಯ ಉಪಾಯವೇ.

ಆದರೆ ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದು ಎಲ್ಲಿ? 1901ರಲ್ಲಿ ಜಪಾನಿನಲ್ಲಿ, ಇಶಿವಾತಾ ಎಂಬ ವಿಜ್ಞಾನಿಗೆ, ರೋಗ ಬಂದು ಸತ್ತ ರೇಷ್ಮೆ ಹುಳದ ಮೈಯಲ್ಲಿ! ಹತ್ತು ವರ್ಷದ ಮೇಲೆ ಜರ್ಮನಿಯಲ್ಲಿ ಬರ್ಲಿನರ್ ಎಂಬವರು ಹಿಟ್ಟಿನ ಹುಳದಲ್ಲಿ ಅದನ್ನು ಕಂಡು ಹೆಸರಿಟ್ಟರು. ಎಂದರೆ ರೇಷ್ಮೆ ಹುಳವೇ ಅದರ ಮೊದಲ ಬಲಿ. ಹಿಪ್ಪುನೇರಳೆ ತೋಟ ಪಕ್ಕದಲ್ಲಿದ್ದರೆ ಬಿ.ಟಿ. ಸುದ್ದಿಗೇ ಹೋಗಬಾರದು.

ತಂಬಾಕಿನ ಕಷಾಯದ ಕತೆಯೂ ಅಷ್ಟೇ. ‘ಹೊಗೆಸೊಪ್ಪು ನೆನೆಸಿ ಹೊಡೀರಿ, ಅದು ಸೊಪ್ಪು ತಾನೇ’ ಅಂತಾರೆ. ತಂಬಾಕು ರೇಷ್ಮೆ ಹುಳಕ್ಕೆ ಯಮ. ಹುಳದ ಮನೆಯೊಳಗೆ ಬೀಡಿ ಸೇದಬಾರದು, ತೋಟದ ಹತ್ತಿರ ತಂಬಾಕು ಬೆಳೆಯಬಾರದು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಬೇವಿನ ಬೀಜದ ಕಷಾಯ ಇವುಗಳಿಗಿಂತ ಸೌಮ್ಯ. ಐವತ್ತು ಗ್ರಾಂ ಬೀಜದ ತಿರುಳು ಜಜ್ಜಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕಲಸಿ ಹೊಡೆದರೆ ಮರಿಹುಳಗಳು ಎಲೆ ಬಿಡುತ್ತವೆ. ಆದರೆ ಬೇವು ಬಿದ್ದ ಹಿಪ್ಪುನೇರಳೆ ಸೊಪ್ಪು ರೇಷ್ಮೆ ಹುಳಕ್ಕೂ ಆಗುವುದಿಲ್ಲ. ಊರ ನಡುವೆ, ತೋಟ ದೂರವಿದ್ದಲ್ಲಿ, ಗಾಳಿಯಿಲ್ಲದ ಹೊತ್ತಲ್ಲಿ ಮಾತ್ರ.

ಬಕೆಟ್ಟು, ಪೊರಕೆ, ಸೋಪಿನ ನೀರು

ಹಾಗಾದರೆ ಮಾಡುವುದೇನು? ಉತ್ತರ ಹುಳದ ದಿನಚರಿಯಲ್ಲೇ ಇದೆ. ನುಗ್ಗೆಯ ಕಂಬಳಿಹುಳ ರಾತ್ರಿ ಪಾಳಿಯ ಕೆಲಸಗಾರ. ಕತ್ತಲಾದ ಮೇಲೆ ಕೊಂಬೆಗೆ ಹತ್ತಿ ತಿನ್ನುತ್ತದೆ, ಬೆಳಗಾದರೆ ಇಳಿದು ಬಂದು ಕಾಂಡದ ಮೇಲೆ ಗುಂಪಾಗಿ ಮಲಗುತ್ತದೆ. ರಾತ್ರಿ ಮರವೆಲ್ಲ ಹುಡುಕಿದರೂ ಸಿಗದ ನೂರಾರು ಹುಳ ಹಗಲು ಹನ್ನೊಂದು ಗಂಟೆಗೆ ಎದೆಯೆತ್ತರದಲ್ಲಿ ಒಂದೇ ಕಡೆ ಸಿಗುತ್ತವೆ. ಇಷ್ಟು ಸಲೀಸಾಗಿ ಸಿಗುವ ಕಳ್ಳನಿಗೆ ಬಾಂಬು ಯಾಕೆ?

ಅರ್ಧ ಬಕೆಟ್ ನೀರಿಗೆ ಒಂದು ಹಿಡಿ ಸೋಪಿನ ಪುಡಿ ಕಲಸಿ. ಹಳೆಯ ಪೊರಕೆಯನ್ನು ಉದ್ದ ಕೋಲಿಗೆ ಕಟ್ಟಿ. ತುಂಬು ತೋಳಿನ ಅಂಗಿ, ಮೂಗಿಗೆ ಟವೆಲ್ಲು, ಕಣ್ಣಿಗೆ ಕನ್ನಡಕ. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತು, ಗುಂಪನ್ನು ಮೇಲಿನಿಂದ ಕೆಳಕ್ಕೆ ಬಕೆಟ್ಟಿಗೆ ಗೋರಿ. ನೀರಲ್ಲಿ ಮುಳುಗಿದ ಹುಳ ಏಳುವುದಿಲ್ಲ. ಆಮೇಲೆ ಗುಂಡಿ ತೋಡಿ ಮುಚ್ಚಿ. ಎರಡು ಮೂರು ದಿನ ಬಿಡದೆ ಮಾಡಿದರೆ ಮರ ಖಾಲಿ.

ಪಂಜು ಹಿಡಿದು ಸುಡುವ ಪದ್ಧತಿ ತೋಟಗಳಲ್ಲಿ ಉಂಟು. ಮನೆ ಹಿತ್ತಲಿಗೆ ಅದು ಸಲ್ಲದು. ಮೇಲೆ ಕರೆಂಟು ತಂತಿ, ಪಕ್ಕದಲ್ಲಿ ಸೌದೆ ರಾಶಿ. ಸಾಲದ್ದಕ್ಕೆ ಹುಳದ ಕೂದಲು ಗಾಳಿಗೆ ಹಾರಿ ಕಣ್ಣು ಮೂಗಿಗೆ ಬರುತ್ತದೆ. ಸತ್ತ ಹುಳದ ಕೂದಲೂ ತುರಿಸುತ್ತದೆ, ನೆನಪಿರಲಿ.

ಕೂದಲು ಮೈಗೆ ತಾಗಿತೋ, ಉಜ್ಜಬೇಡಿ. ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ. ವೀಳ್ಯದೆಲೆ, ಸುಣ್ಣ, ವಿಭೂತಿ ಅಂತ ಮನೆಗೊಂದು ಮದ್ದು ಇದೆ. ಮೊದಲು ಅಂಗಡಿಯ ಗಮ್ ಟೇಪನ್ನು ಆ ಜಾಗಕ್ಕೆ ಅಂಟಿಸಿ ಕಿತ್ತರೆ ಕೂದಲು ಅದಕ್ಕೆ ಅಂಟಿಕೊಂಡು ಬರುತ್ತದೆ. ಎರಡು ಮೂರು ಸಲ ಹೀಗೆ ಮಾಡಿ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ನೀರು ಹಾಕುತ್ತಾ ಡಾಕ್ಟರ ಹತ್ತಿರ ಹೋಗುವುದೊಂದೇ ದಾರಿ.

ಇನ್ನೂ ಜಾಣತನ ಬೇಕೆಂದರೆ ಒಂದು ಹೆಜ್ಜೆ ಮುಂಚೆ ಏಳಬೇಕು. ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ ದೊಡ್ಡ ಪತಂಗಗಳು ಬಲ್ಬಿಗೆ ಬಂದು ಬಡಿಯುತ್ತವೆ. ಈ ಹುಳದ ತಾಯಿ ಅವೇ. ಬಲ್ಬಿನ ಕೆಳಗೆ ಅಗಲ ಬಾಂಡಲಿಯಲ್ಲಿ ಸೋಪಿನ ನೀರಿಟ್ಟರೆ ಸಾಕಷ್ಟು ಬೀಳುತ್ತವೆ. ಉಳಿದವು ಎಲೆ, ಎಳೆ ಕಾಂಡದ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತವೆ. ಆ ಎಲೆ ಕಿತ್ತು ಬಕೆಟ್ಟಿಗೆ ಹಾಕಿದರೆ ಹುಟ್ಟಬೇಕಿದ್ದ ನೂರು ಹುಳ ಅಲ್ಲೇ ಮುಗಿದವು. ಬೇಸಿಗೆಯಲ್ಲಿ ಮರದ ಬುಡ ಅಗೆದು ಮಣ್ಣು ತಿರುಗಿಸಿದರೆ ಒಳಗಿದ್ದ ಕೋಶಗಳು ಬಿಸಿಲಿಗೆ ಬಂದು ಹಕ್ಕಿಗಳ ಪಾಲಾಗುತ್ತವೆ. ಕಾಯಿ ಮುಗಿದ ಮೇಲೆ ಮರ ಸವರಿ ಗಿಡ್ಡವಾಗಿ ಇಟ್ಟುಕೊಂಡರೆ ಎಲ್ಲವೂ ಕೈಗೆಟಕುತ್ತದೆ.

ಕರಿಬೇವು, ನಂದಿಬಟ್ಟಲು

ಹಿತ್ತಲಲ್ಲಿ ನುಗ್ಗೆಯೊಂದೇ ಅಲ್ಲವಲ್ಲ. ಕರಿಬೇವು, ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಚುಕ್ಕೆ ಕಂಡರೆ ಕಡ್ಡಿಯಲ್ಲಿ ಮುಟ್ಟಿ ನೋಡಿ. ಅದು ನಿಂಬೆ ಚಿಟ್ಟೆಯ ಮರಿಹುಳ. ದೊಡ್ಡದಾದರೆ ಹಸಿರಾಗುತ್ತದೆ, ಎಲೆಯ ಜೊತೆ ಬೆರೆತು ಕಾಣುವುದೇ ಇಲ್ಲ. ಕೂದಲಿಲ್ಲ, ಕಚ್ಚುವುದಿಲ್ಲ. ದಿನ ಬೆಳಗ್ಗೆ ಒಗ್ಗರಣೆಗೆ ಎಲೆ ಕೀಳುವಾಗ ನಾಲ್ಕು ಹುಳ ಹೆಕ್ಕಿದರೆ ಮುಗೀತು. ನಾಳೆ ಸಾರಿಗೆ ಹಾಕುವ ಎಲೆಗೆ ಇವತ್ತು ವಿಷ ಹೊಡೆಯುವುದು ಯಾವ ಲೆಕ್ಕ?

ನಂದಿಬಟ್ಟಲು, ಕಣಗಿಲೆ ಗಿಡದಲ್ಲಿ ಬೆರಳುಗಾತ್ರದ ಹಸಿರು ಹುಳ, ತಲೆಯ ಹತ್ತಿರ ನೀಲಿ ಕಣ್ಣಿನಂಥ ಗುರುತು ಕಂಡು ಹಾವಿನ ಮರಿ ಎಂದು ಹೆದರುವವರಿದ್ದಾರೆ. ಅದೂ ಒಂದು ಪತಂಗದ ಮರಿ, ರೇಷ್ಮೆ ಹುಳದ ಮತ್ತೊಂದು ದೂರದ ನೆಂಟ. ಎತ್ತಿ ಬೇರೆ ಕಡೆ ಬಿಟ್ಟರೆ ಗಿಡ ಮತ್ತೆ ಚಿಗುರುತ್ತದೆ.

ಹುಳದ ಬೆನ್ನ ಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿದ್ದರೆ ಅಂಥ ಹುಳವನ್ನು ಮುಟ್ಟಬೇಡಿ. ಪುಟ್ಟ ಕಣಜ ಅದನ್ನು ಆಗಲೇ ತಿಂದಿದೆ. ಅದರಿಂದ ಹೊರಬರುವ ಕಣಜಗಳು ಇನ್ನಷ್ಟು ಹುಳ ಹುಡುಕಿಕೊಂಡು ಹೋಗುತ್ತವೆ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಬಂದು ರೇಷ್ಮೆಯವರ ನಿದ್ದೆ ಕೆಡಿಸಿದ ಊಜಿ ನೊಣವನ್ನು ಎಲ್ಲರೂ ಬಲ್ಲರು. ಅದೇ ಬಳಗದ ಬೇರೆ ನೊಣಗಳು ತೋಟದ ಹುಳಗಳ ಮೇಲೆ ಮೊಟ್ಟೆ ಇಟ್ಟು ನಮಗೆ ಉಪಕಾರ ಮಾಡುತ್ತವೆ. ಮಳೆಯ ಜೊತೆ ಬರುವ ಚಾತಕ ಪಕ್ಷಿಗೆ ಕೂದಲಿನ ಕಂಬಳಿಹುಳವೇ ಮೃಷ್ಟಾನ್ನ. ಪಂಪು ಹೊಡೆದರೆ ಮೊದಲು ಸಾಯುವುದು ಈ ಸಣ್ಣ ಕಣಜ, ನೊಣಗಳು. ಆಮೇಲೆ ಕಾಯುವವರಿಲ್ಲದ ತೋಟಕ್ಕೆ ಹುಳ ಮತ್ತೆ ಬರುತ್ತದೆ.

ಮರ ಕಡಿಯುವ ಮುಂಚೆ

ನುಗ್ಗೆ ಮರ ಮನೆ ಮುಂದೆ ಇರಬಾರದು ಎಂಬ ಮಾತು ಹಳೆಯದು. ಕೊಂಬೆ ಪಟ್ಟನೆ ಮುರಿಯುತ್ತದೆ, ಹುಳ ಬರುತ್ತದೆ. ಅಷ್ಟೇ ಅದರ ಒಳಗುಟ್ಟು, ಶನಿಯೂ ಇಲ್ಲ, ದೆವ್ವವೂ ಇಲ್ಲ. ‘ಕಡಿಸಿಬಿಡಿ’ ಎಂದು ನಿಮ್ಮನ್ನು ನುಗ್ಗೆ ಮರ ಹತ್ತಿಸುವವರು ಕಾಯಿ ಬಿಟ್ಟಾಗ ಚೀಲ ಹಿಡಿದು ಬರುವವರೇ. ಹುಳ ಬೋಳಿಸಿದ ನುಗ್ಗೆ ಸಾಯುವುದಿಲ್ಲ. ಬೇರಲ್ಲಿ ಬಲ ಇದ್ದು ಮಳೆ ಬಿದ್ದರೆ ಕೆಲವೇ ವಾರದಲ್ಲಿ ಮತ್ತೆ ಹಸಿರಾಗುತ್ತದೆ. ವರ್ಷಕ್ಕೆ ಕೆಲವು ದಿನದ ಉಪದ್ರವಕ್ಕೆ ವರ್ಷವಿಡೀ ಸೊಪ್ಪು, ಹೂವು, ಕಾಯಿ ಕೊಡುವ ಮರ ಕಡಿಯುವುದು ನೆಗಡಿಗೆ ಮೂಗು ಕೊಯ್ದಂತೆ.

ಇಷ್ಟೆಲ್ಲ ಆಗಿಯೂ ಹುಳ ಕೈಮೀರಿತು, ಏನಾದರೂ ಹೊಡೆಯಲೇಬೇಕು ಎನ್ನುವವರು ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಅಲ್ಲೇ ರೇಷ್ಮೆ ಕೃಷಿ ಕಾಲೇಜೂ ಇದೆ. ಹುಳವನ್ನೋ, ತಿಂದ ಎಲೆಯನ್ನೋ ಮುಚ್ಚಳವಿರುವ ಡಬ್ಬಿಯಲ್ಲಿ ಒಯ್ದರೆ ಗುರುತು ಹಿಡಿಯುವುದು ಸುಲಭ.

ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸಕ್ಕೆ ದುಡ್ಡು ಖರ್ಚಿಲ್ಲ. ಕಾಂಪೌಂಡ್ ಆಚೆ ಇಣುಕಿ, ‘ಏನಪ್ಪಾ, ಹುಳ ಎಷ್ಟನೇ ಜ್ವರದಲ್ಲಿದೆ? ನಮ್ಮ ಮರಕ್ಕೆ ಹೊಡೆಸಬೇಕು ಅಂತಿದ್ದೀವಿ’ ಎಂದು ಕೇಳುವುದು. ‘ಇನ್ನು ಐದು ದಿನಕ್ಕೆ ಹಣ್ಣಾಗುತ್ತೆ, ಅಲ್ಲಿತನಕ ತಡೀರಿ’ ಎಂದು ಆತ ಹೇಳಿದರೆ ತಡೆಯಬೇಕು. ಆ ಐದು ದಿನಕ್ಕೆ ಮನೆಯಲ್ಲಿ ಪೊರಕೆ ಇದೆ, ಬಕೆಟ್ ಇದೆ. ಬಕೆಟ್ ಹಿಡಿಯಲು ಒಂದು ಕೈ ಬೇಕೆಂದು ಕರೆದರೆ, ಹುಳ ಸಾಕಿ ಅಭ್ಯಾಸವಿರುವ ಆತನೇ ಬಂದಾನು.